ಈ ಪರ್ಫ್ಯೂಮ್ ಮಾಡಿದ್ದು ಯಾರು, ಯಾವಾಗ? ಬ್ರ್ಯಾಂಡಿಗೇ ಬರೆದು ಕೇಳುವ ಬಗೆ

ಪರ್ಫ್ಯೂಮ್‌ಗಳದ್ದೊಂದು ಪಟ್ಟಿ ಇಟ್ಟುಕೊಂಡಿದ್ದೇನೆ. ಹೆಸರು, ಬ್ರ್ಯಾಂಡ್, ಮೊದಲು ಮಾರಾಟಕ್ಕೆ ಬಂದ ವರ್ಷ, ಪರ್ಫ್ಯೂಮರ್ (ಅಂದರೆ ಸೂತ್ರ ಬರೆದವರು), ನೋಟ್ಸ್ (ಅದರಲ್ಲಿ ಯಾವ ಯಾವ ಘಮ ಇದೆ ಎಂಬ ವರ್ಣನೆ). ಇಷ್ಟು ಕಾಲಮ್ ಯಾರ ಪಟ್ಟಿಯಲ್ಲಾದರೂ ಇರುತ್ತವೆ. ನನ್ನದರಲ್ಲಿ ಕೊನೆಗೆ ಇನ್ನೊಂದಿದೆ: 'ಹೇಳಿದ್ದು ಯಾರು'. ಈ ಕಾಲಮ್ ತುಂಬಿಸಲು ಕೂತರೆ ನೆಟ್‌ನಲ್ಲಿ ಓಡಾಡುವ ಮಾಹಿತಿಯ ಬಂಡವಾಳ ಬಯಲಾಗುತ್ತದೆ. ಹೆಚ್ಚಿನದೆಲ್ಲ ಒಬ್ಬರನ್ನು ನೋಡಿ ಇನ್ನೊಬ್ಬರು ಬರೆದದ್ದು. ಹತ್ತು ಕಡೆ ಒಂದೇ ವರ್ಷ ಕಂಡಿತೆಂದು ಹತ್ತು ಸಾಕ್ಷಿ ಸಿಕ್ಕಿದ ಹಾಗೆ ಖುಷಿಪಡಬೇಡಿ, ಮೊದಲನೆಯವರು ತಪ್ಪು ಬರೆದಿದ್ದರೆ ಹತ್ತೂ ತಪ್ಪೇ. ಮಾಡಿದವರನ್ನೇ ಕೇಳುವುದು ವಾಸಿ. ಕೇಳಿದರೆ ಉತ್ತರ ಕೊಡುತ್ತಾರೆಯೇ ಎಂದರೆ, ಕೊಡುತ್ತಾರೆ. ಪ್ರಶ್ನೆ ಚಿಕ್ಕದಾಗಿರಬೇಕು, ಉತ್ತರ ಗೊತ್ತಿರುವವರ ಕೈಗೆ ಹೋಗಬೇಕು. ಇವೆರಡರಲ್ಲಿ ಎರಡನೆಯದೇ ಕಷ್ಟ.

ಯಾರಿಗೆ ಏನು ಗೊತ್ತಿರುತ್ತದೆ

ಬಾಟಲಿಯ ಮೇಲೆ ಯಾರ ಹೆಸರಿದೆಯೋ ಅವರೇ ಪರ್ಫ್ಯೂಮ್ ಮಾಡಿದ್ದಾರೆ ಅಂದುಕೊಂಡು ಅವರಿಗೆ ಬರೆದು, ಉತ್ತರ ಬರಲಿಲ್ಲ ಎಂದು ಬೇಸರ ಮಾಡಿಕೊಳ್ಳುವವರೇ ಹೆಚ್ಚು. ಸಾಮಾನ್ಯವಾಗಿ ಫ್ಯಾಷನ್ ಕಂಪನಿ ಕೊಡುವುದು ಹೆಸರನ್ನಷ್ಟೇ. ಆ ಹೆಸರಿನ ಲೈಸೆನ್ಸ್ ಪಡೆದ ಇನ್ನೊಂದು ಕಂಪನಿ ಪರ್ಫ್ಯೂಮನ್ನು ಮಾರುಕಟ್ಟೆಗೆ ತರುತ್ತದೆ. ಒಳಗಿರುವ ಘಮದ ಸೂತ್ರ ಬರೆದವರು ಮೂರನೆಯವರು: ಜಿವೊದಾನ್, ಡಿಎಸ್‌ಎಂ-ಫಿರ್ಮೆನಿಕ್, ಐಎಫ್‌ಎಫ್, ಸಿಮ್ರೈಸ್, ಮಾನ್, ರೊಬೆರ್ಟೆ, ತಕಾಸಾಗೊ, ಇಂಥ ಯಾವುದೋ ಕಂಪನಿಯಲ್ಲಿ ಸಂಬಳಕ್ಕಿರುವ ಪರ್ಫ್ಯೂಮರ್.

ಲೈಸೆನ್ಸ್ ಕೈ ಬದಲಾಯಿಸುತ್ತಲೂ ಇರುತ್ತದೆ. ಗೂಚಿ ಪರ್ಫ್ಯೂಮ್‌ಗಳು 2016ರಲ್ಲಿ ಪಿ ಆಂಡ್ ಜಿ (ಪ್ರಾಕ್ಟರ್ ಆಂಡ್ ಗ್ಯಾಂಬಲ್) ಕೈಯಿಂದ 'ಕೋಟಿ' ಎಂಬ ಕಂಪನಿಗೆ ಹೋದವು. ಮುಗ್ಲೇರ್ ಪರ್ಫ್ಯೂಮ್‌ಗಳು 2020ರಲ್ಲಿ ಕ್ಲಾರಿನ್ಸ್‌ನಿಂದ ಲೋರಿಯಲ್‌ಗೆ ಬಂದವು. ಮುಗ್ಲೇರ್‌ನ 1992ರ ಏಂಜೆಲ್ ಬಗ್ಗೆ ಇವತ್ತು ಲೋರಿಯಲ್‌ನವರನ್ನು ಕೇಳಿದರೆ, ಪರ್ಫ್ಯೂಮ್ ಹುಟ್ಟಿದ ಕಾಲದಲ್ಲಿ ಅಲ್ಲಿ ಇಲ್ಲದವರನ್ನು ಕೇಳಿದ ಹಾಗೆ. ಅವರು ಹೇಳುವುದೇನಿದ್ದರೂ ಕೈಗೆ ಬಂದ ಕಡತ ನೋಡಿಯೇ.

ಸ್ವಂತ ಪರ್ಫ್ಯೂಮರ್ ಇರುವ ಮನೆತನಗಳಲ್ಲಿ ಕೆಲಸ ಸುಲಭ ಅನ್ನಿಸುತ್ತದೆ. ಶನೆಲ್, ಗೆರ್ಲಾಂ, ಹರ್ಮೆಸ್ ಈ ಸಾಲಿನವು. ಇಲ್ಲೂ ಒಂದು ಎಡವಟ್ಟು ಕಾದಿರುತ್ತದೆ. ಜಾನ್-ಕ್ಲೋಡ್ ಎಲೆನಾ ಹರ್ಮೆಸ್ ಸೇರಿದ್ದು 2004ರಲ್ಲಿ. ಅದೇ ವರ್ಷ ಬಂದ ಓ ದೆ ಮೆರ್ವೇಯ್ ಅವರದೇ ಇರಬೇಕು ಎಂದು ಊಹಿಸಿ ಬರೆದುಬಿಡುವುದು ಸಲೀಸು. ಅದನ್ನು ಮಾಡಿದವರು ರಾಲ್ಫ್ ಶ್ವೀಗರ್ ಮತ್ತು ನತಾಲಿ ಫೈಸ್ಟೋವರ್. ಮನೆತನದಲ್ಲಿ ಪರ್ಫ್ಯೂಮರ್ ಇದ್ದಾರೆಂದು ಅಲ್ಲಿಯ ಪ್ರತಿ ಬಾಟಲಿಯನ್ನೂ ಅವರ ಲೆಕ್ಕಕ್ಕೆ ಬರೆಯುವ ಹಾಗಿಲ್ಲ.

ಒಂದೇ ಕಂಪನಿಯೊಳಗೂ ಎಲ್ಲರಿಗೂ ಎಲ್ಲ ಗೊತ್ತಿರುವುದಿಲ್ಲ. ಕಸ್ಟಮರ್ ಕೇರ್‌ನವರ ಮುಂದೆ ಈಗ ಮಾರಾಟದಲ್ಲಿರುವ ಸರಕಿನ ವಿವರ ತೆರೆದಿರುತ್ತದೆ. ಬಿಡುಗಡೆಯ ವರ್ಷ, ಪರ್ಫ್ಯೂಮರ್ ಹೆಸರು ಬೇಕಿದ್ದರೆ ಪತ್ರಿಕಾ ವಿಭಾಗ. ಪದಾರ್ಥಗಳ ಪಟ್ಟಿ, ಅಲರ್ಜಿಯ ವಿಷಯ ಇದ್ದರೆ ನಿಯಮಪಾಲನೆ ನೋಡಿಕೊಳ್ಳುವವರು. ಹಳೆಯ ಮನೆತನಗಳಲ್ಲಿ ದಾಖಲೆ ಕಾಪಾಡುವ ಪ್ರತ್ಯೇಕ ವಿಭಾಗವೇ ಇರುತ್ತದೆ, ಡಿಯೋರ್ ಮತ್ತು ಶನೆಲ್‌ಗೆ ಇದೆ. ನಿಮ್ಮ ಮೊದಲ ಇಮೇಲ್ ಹೋಗುವುದು ಹೇಗೂ ಕಸ್ಟಮರ್ ಕೇರ್‌ಗೇ. ಅದಕ್ಕೇ ಮೊದಲ ಸಾಲಿನಲ್ಲೇ 'ಇದನ್ನು ಪತ್ರಿಕಾ ವಿಭಾಗಕ್ಕೆ ಅಥವಾ ದಾಖಲೆ ವಿಭಾಗಕ್ಕೆ ದಾಟಿಸಿದರೆ ಉಪಕಾರ' ಎಂದು ಹಾಕಿಬಿಡಿ. ಉತ್ತರಿಸಬೇಕಾದ ಭಾರ ತಮ್ಮದಲ್ಲ ಎಂದು ಗೊತ್ತಾದರೆ ಅವರೂ ಬೇಗ ದಾಟಿಸುತ್ತಾರೆ.

ಬರೆಯುವ ಮೊದಲು ಪೆಟ್ಟಿಗೆ ತಿರುವಿ ನೋಡಿ

ಇಮೇಲ್ ವಿಳಾಸ ಹುಡುಕುತ್ತಾ ವೆಬ್‌ಸೈಟ್ ಜಾಲಾಡುವ ಮೊದಲು ಪೆಟ್ಟಿಗೆಯ ತಳ ನೋಡಿ. ಅರ್ಧ ಉತ್ತರ ಅಲ್ಲೇ ಇರುತ್ತದೆ. ಯುರೋಪಿನಲ್ಲಿ ಮಾರುವ ಪೆಟ್ಟಿಗೆಯ ಮೇಲೆ ಆ ಸರಕಿಗೆ ಜವಾಬ್ದಾರರಾದ ಕಂಪನಿಯ ಹೆಸರು, ವಿಳಾಸ ಇರಲೇಬೇಕು. ಮುಂಭಾಗದಲ್ಲಿ ಫ್ಯಾಷನ್ ಹೆಸರು ದೊಡ್ಡದಾಗಿ ಮೆರೆಯುತ್ತಿದ್ದರೂ, ನೀವು ಬರೆಯಬೇಕಾದ್ದು ತಳದಲ್ಲಿ ಸಣ್ಣಕ್ಷರದಲ್ಲಿರುವ ಈ ಕಂಪನಿಗೆ. ಅದರ ಪಕ್ಕದಲ್ಲಿ, ಬೇರೆ ಅಕ್ಷರಗಳಂತೆ ಅಚ್ಚಾಗದೆ ಒತ್ತಿದ ಹಾಗೋ ಚುಕ್ಕಿಚುಕ್ಕಿಯಾಗಿಯೋ ಕಾಣುವ ಪುಟ್ಟ ಸಂಕೇತ ಬ್ಯಾಚ್ ಕೋಡ್, ಅಂದರೆ ಸರಕು ಯಾವ ಕಂತಿನಲ್ಲಿ ತಯಾರಾಯಿತು ಎಂಬುದರ ಗುರುತು. ಬಾಟಲಿಯ ತಳದಲ್ಲೂ ಅದನ್ನು ಹುಡುಕಿ, ಎರಡೂ ಒಂದೇ ಇದೆಯೇ ನೋಡಿ. ಮುಚ್ಚಳ ತೆರೆದ ಡಬ್ಬಿಯ ಚಿತ್ರದೊಳಗೆ '36ಎಂ' ಎಂದಿದ್ದರೆ ತೆರೆದ ಮೇಲೆ 36 ತಿಂಗಳು ಬಳಸಬಹುದು ಎಂದು ಅರ್ಥ, ತಯಾರಾದ ದಿನಾಂಕಕ್ಕೂ ಅದಕ್ಕೂ ಸಂಬಂಧ ಇಲ್ಲ. ಲೋರಿಯಲ್ ಗುಂಪಿನ ಪೆಟ್ಟಿಗೆಯಾದರೆ ಪದಾರ್ಥಗಳ ಪಟ್ಟಿಯ ಕೊನೆಗೆ 'ಎಫ್.ಐ.ಎಲ್.' ಎಂಬ ಅಕ್ಷರಗಳ ಜೊತೆ ಒಂದು ಸಂಖ್ಯೆ ಸಿಗುತ್ತದೆ. ಸೂತ್ರ ಬದಲಾಗಿದೆಯೇ ಎಂದು ಕೇಳುವವರಿಗೆ ಆ ಸಂಖ್ಯೆ ಬಂಗಾರ.

ತಳ, ಬೆನ್ನು, ಬಾಟಲಿಯ ಅಡಿ, ಇವುಗಳ ಫೋಟೋ ತೆಗೆದಿಡಿ. ಮುಂಭಾಗದ ಚಂದದ ಫೋಟೋ ಅವರಿಗೆ ಬೇಕಾಗಿಲ್ಲ.

ಹೆಚ್ಚು ಜನರಿಗೆ ಗೊತ್ತಿರದ ಒಂದು ವಿಷಯವನ್ನು ಇಲ್ಲೇ ಹೇಳಿಬಿಡುತ್ತೇನೆ. ಯುರೋಪಿನ ಸೌಂದರ್ಯವರ್ಧಕಗಳ ನಿಯಮಾವಳಿ 1223/2009ರ 21ನೇ ವಿಧಿಯ ಪ್ರಕಾರ, ವ್ಯಾಪಾರ ರಹಸ್ಯಕ್ಕೆ ಧಕ್ಕೆ ಆಗದಂತೆ ಕೆಲವು ವಿವರಗಳು ಸಾರ್ವಜನಿಕರಿಗೆ ಸುಲಭವಾಗಿ ಸಿಗುವಂತೆ ಕಂಪನಿ ನೋಡಿಕೊಳ್ಳಬೇಕು. ಪರ್ಫ್ಯೂಮ್ ಮಿಶ್ರಣದ ಹೆಸರು, ಕೋಡ್ ಸಂಖ್ಯೆ, ಅದನ್ನು ಪೂರೈಸಿದವರು ಯಾರು ಎಂಬುದೂ ಆ ವಿವರಗಳಲ್ಲಿ ಸೇರಿದೆ. ಅಂದರೆ 'ಇದರ ಸೂತ್ರ ಏನು' ಎಂದು ಕೇಳಲು ನಿಮಗೆ ದಾರಿ ಇಲ್ಲ, ಆದರೆ 'ಮಿಶ್ರಣ ಪೂರೈಸಿದ ಕಂಪನಿ ಯಾವುದು' ಎಂದು ಕೇಳಲು ಕಾನೂನಿನ ಬಲ ಇದೆ. ಎಲ್ಲರೂ ತಕ್ಷಣ ಹೇಳಿಬಿಡುತ್ತಾರೆ ಎಂದಲ್ಲ. ವಿಧಿಯ ಸಂಖ್ಯೆ ಹಾಕಿ ವಿನಯವಾಗಿ ಕೇಳಿದ ಪತ್ರ ಮಾತ್ರ ಬೇರೆ ಮೇಜಿಗೆ ಹೋಗುತ್ತದೆ, ಅಷ್ಟು ಗ್ಯಾರಂಟಿ. ಪೂರೈಸಿದವರು ಯಾರೆಂದು ತಿಳಿದರೆ ಪರ್ಫ್ಯೂಮರ್ ಯಾರಿರಬಹುದು ಎಂಬ ಹುಡುಕಾಟ ಅರ್ಧಕ್ಕರ್ಧ ಇಳಿಯುತ್ತದೆ. ಆ ವರ್ಷ ಸಿಮ್ರೈಸ್‌ನಲ್ಲಿದ್ದವರು ಜಿವೊದಾನ್ ಮಿಶ್ರಣ ಮಾಡಿರಲಿಕ್ಕಿಲ್ಲ.

ಪ್ರಶ್ನೆ ಕಟ್ಟುವುದು

ಹೆಸರು ಬರೆದ ಮಾತ್ರಕ್ಕೆ ಯಾವ ಪರ್ಫ್ಯೂಮ್ ಎಂದು ಗೊತ್ತಾಗುವುದಿಲ್ಲ. ಡಿಯೋರ್‌ನ ಓ ಸೊವಾಜ್ 1966ರದು, ಎಡ್ಮೋಂ ರುದ್ನಿಟ್ಸ್ಕಾ ಮಾಡಿದ್ದು. ಸೊವಾಜ್ 2015ರದು, ಫ್ರಾನ್ಸ್ವಾ ದೆಮಾಶಿ ಮಾಡಿದ್ದು. ಆ ಸೊವಾಜ್‌ನಲ್ಲೇ ಮೊದಲು ಓ ದೆ ತೊಯ್ಲೆಟ್, 2018ಕ್ಕೆ ಓ ದೆ ಪರ್ಫ್ಯೂಮ್, 2019ಕ್ಕೆ ಪರ್ಫ್ಯೂಮ್, 2021ಕ್ಕೆ ಎಲಿಕ್ಸಿರ್ ಬಂದವು. ಮಿಸ್ ಡಿಯೋರ್ ಕಥೆ ಇನ್ನೂ ಗೋಜಲು. 1947ರದು ಒಂದು. 2005ರಲ್ಲಿ ಬಂದ ಮಿಸ್ ಡಿಯೋರ್ ಶೆರಿ, ಕೆಲವು ವರ್ಷಗಳ ನಂತರ 'ಶೆರಿ' ಕಳಚಿಕೊಂಡು ಬರೀ ಮಿಸ್ ಡಿಯೋರ್ ಆಯಿತು. ಹಳೆಯದಕ್ಕೆ 'ಒರಿಜಿನಾಲ್' ಎಂಬ ಬಾಲ ಬಂತು. 'ಮಿಸ್ ಡಿಯೋರ್ ಮಾಡಿದ್ದು ಯಾರು' ಎಂದು ಕೇಳಿದರೆ ಉತ್ತರಿಸುವವರು ತಮ್ಮ ಮುಂದಿರುವ ಪರದೆ ನೋಡಿ ಇವತ್ತಿನದನ್ನು ಹೇಳುತ್ತಾರೆ, ನೀವು 1947ರದಕ್ಕೆ ಅದನ್ನು ಅಂಟಿಸುತ್ತೀರಿ. ಪೂರ್ತಿ ಹೆಸರು, ಸಾಂದ್ರತೆ (ಓ ದೆ ತೊಯ್ಲೆಟ್ಟೋ ಓ ದೆ ಪರ್ಫ್ಯೂಮೋ ಎಂಬುದು), ಅಂದಾಜು ವರ್ಷ, ಬಾಟಲಿಯ ಫೋಟೋ, ಈ ನಾಲ್ಕೂ ಇಲ್ಲದೆ ಕಳಿಸಬೇಡಿ.

'ಯಾವ ವರ್ಷದ್ದು' ಎಂಬ ಪ್ರಶ್ನೆಯೂ ಸಡಿಲವೇ. ಸೂತ್ರ ಮುಗಿದ ವರ್ಷ, ಹೆಸರು ನೋಂದಣಿಯಾದ ವರ್ಷ, ಒಂದು ದೇಶದಲ್ಲಿ ಮೊದಲು ಮಾರಾಟವಾದ ವರ್ಷ, ಎಲ್ಲ ಕಡೆ ಸಿಗತೊಡಗಿದ ವರ್ಷ, ನಾಲ್ಕೂ ಬೇರೆ ಇರಬಹುದು. ಗೆರ್ಲಾಂ ಮನೆತನದ ಶಾಲಿಮಾರ್‌ಗೆ ಕೆಲವರು 1921 ಎನ್ನುತ್ತಾರೆ, ಕೆಲವರು 1925. ಇಂಥ ಜಾಗದಲ್ಲಿ ನಾನು ಬರೆಯುವ ಪತ್ರದ ಅಚ್ಚು ಹೀಗಿರುತ್ತದೆ:

ವಿಷಯ: ಶಾಲಿಮಾರ್, ಮೊದಲ ಮಾರಾಟದ ವರ್ಷ (ಒಂದೇ ಪ್ರಶ್ನೆ)

ನಮಸ್ಕಾರ,
ಇದನ್ನು ನಿಮ್ಮ ದಾಖಲೆ ವಿಭಾಗಕ್ಕೆ ದಾಟಿಸಿದರೆ ಉಪಕಾರವಾಗುತ್ತದೆ. ಪರ್ಫ್ಯೂಮ್‌ಗಳ ಇತಿಹಾಸದ ಪಟ್ಟಿಯೊಂದನ್ನು ಸ್ವಂತ ಆಸಕ್ತಿಯಿಂದ ಸಿದ್ಧಪಡಿಸುತ್ತಿದ್ದೇನೆ, ಮಾರಾಟಕ್ಕಲ್ಲ. ಶಾಲಿಮಾರ್ ಅನ್ನು ಜಾಕ್ ಗೆರ್ಲಾಂ 1921ರಲ್ಲಿ ರೂಪಿಸಿದರು, 1925ರ ಪ್ಯಾರಿಸ್ ಅಲಂಕಾರ ಕಲೆಗಳ ಪ್ರದರ್ಶನದ ಹೊತ್ತಿಗೆ ಅದು ಈಗಿನ ಬಾಟಲಿಯಲ್ಲಿ ಬಂತು ಎಂದು ಓದಿದ್ದೇನೆ. ನನ್ನ ಪ್ರಶ್ನೆ: 1925ಕ್ಕೆ ಮೊದಲು ಅದು ಗ್ರಾಹಕರಿಗೆ ಮಾರಾಟವಾಗಿದ್ದಕ್ಕೆ ನಿಮ್ಮಲ್ಲಿ ದಾಖಲೆ ಇದೆಯೇ? 'ಹೌದು' ಅಥವಾ 'ಇಲ್ಲ' ಎಂದಷ್ಟೇ ತಿಳಿಸಿದರೂ ಸಾಕು. ನಿಮ್ಮ ಉತ್ತರವನ್ನು 'ಕಂಪನಿ ತಿಳಿಸಿದಂತೆ' ಎಂದು ಬರೆದುಕೊಳ್ಳಬಹುದೇ?

ಇಷ್ಟೇ. ನಾನು ಏನು ಓದಿದ್ದೇನೆ ಎಂದು ಹೇಳಿದ್ದರಿಂದ ಅವರು ವೆಬ್‌ಸೈಟಿನಲ್ಲಿರುವ ಕಥೆಯನ್ನೇ ನಕಲು ಮಾಡಿ ಕಳಿಸುವುದು ತಪ್ಪುತ್ತದೆ. 'ಮಾರಾಟಕ್ಕಲ್ಲ' ಎಂಬ ಮಾತು ಇರಲೇಬೇಕು, ಇಲ್ಲದಿದ್ದರೆ ನಕಲು ಮಾಡುವವರೋ ಪ್ರತಿಸ್ಪರ್ಧಿಗಳೋ ಎಂಬ ಅನುಮಾನ ಬರುತ್ತದೆ. ಪ್ರಶ್ನೆ ಒಂದೇ. ಐದು ಪ್ರಶ್ನೆ ಕಳಿಸಿದರೆ ಸುಲಭವಾದ ಒಂದಕ್ಕೆ ಉತ್ತರಿಸಿ ಉಳಿದ ನಾಲ್ಕನ್ನು ಜಾರಿಸಿಬಿಡುತ್ತಾರೆ. ಫ್ರೆಂಚ್ ಕಂಪನಿಯಾದರೆ ಇಂಗ್ಲಿಷ್ ಪತ್ರದ ಕೆಳಗೆ ಅದೇ ಪ್ರಶ್ನೆಯನ್ನು ಎರಡು ಸಾಲು ಫ್ರೆಂಚಿನಲ್ಲೂ ಹಾಕಿ. ಮತ್ತೆ, ಆಗಸ್ಟ್ ತಿಂಗಳಲ್ಲಿ ಫ್ರಾನ್ಸಿಗೆ ಪತ್ರ ಬರೆದು ಕಾಯಬೇಡಿ. ಅರ್ಧ ದೇಶ ರಜೆಯಲ್ಲಿರುತ್ತದೆ.

ನೋಟ್ಸ್ ಬಗ್ಗೆ ಕೇಳುವವರಿಗೆ ಒಂದು ಮಾತು. ಬ್ರ್ಯಾಂಡ್ ಕೊಡುವ ನೋಟ್ಸ್ ಪಟ್ಟಿ ಘಮದ ವರ್ಣನೆ, ಒಳಗಿರುವ ಪದಾರ್ಥಗಳ ಲೆಕ್ಕಪತ್ರ ಅಲ್ಲವೇ ಅಲ್ಲ. 1956ರ ಡಿಯೋರಿಸ್ಸಿಮೊ ಇಡೀ ಮ್ಯುಗೆ (ಲಿಲಿ ಆಫ್ ದ ವ್ಯಾಲಿ) ಹೂವಿನ ಘಮ. ಆದರೆ ಆ ಹೂವಿನಿಂದ ಬಳಸಲು ಬರುವಂಥ ಎಣ್ಣೆ ಸಿಗುವುದಿಲ್ಲ, ಬೇರೆ ಪದಾರ್ಥಗಳಿಂದ ಆ ಘಮವನ್ನು ಕಟ್ಟಬೇಕು. ಇನ್ನೊಂದು ಕಡೆ ಹೆಡಿಯೋನ್, ಐಸೊ ಇ ಸೂಪರ್ ಥರದ ಕೃತಕ ಘಮದ ಪದಾರ್ಥಗಳು ಲೆಕ್ಕವಿಲ್ಲದಷ್ಟು ಪರ್ಫ್ಯೂಮ್‌ಗಳಲ್ಲಿದ್ದರೂ ನೋಟ್ಸ್ ಪಟ್ಟಿಯಲ್ಲಿ ಅಪರೂಪಕ್ಕೆ ಕಾಣುತ್ತವೆ. ಹಾಗಾಗಿ 'ಇದರಲ್ಲಿ ಗಂಧ ಇದೆಯೇ' ಎಂದು ಕೇಳಿದರೆ 'ಇದೆ' ಎನ್ನುತ್ತಾರೆ, ಅದು ಸುಳ್ಳೂ ಅಲ್ಲ. 'ನೈಸರ್ಗಿಕ ಗಂಧದೆಣ್ಣೆ ಬಳಸಿದ್ದೀರಾ ಅಥವಾ ಗಂಧದ ಘಮ ಮಾತ್ರವೇ' ಎಂದು ಕೇಳಿ.

ಸೂತ್ರ ಬದಲಾಯಿತೇ

ಅತಿ ಹೆಚ್ಚು ಜನ ಕೇಳುವ, ಅತಿ ಕಡಿಮೆ ಉತ್ತರ ಸಿಗುವ ಪ್ರಶ್ನೆ ಇದು. 'ಮೊದಲಿನ ಹಾಗಿಲ್ಲ, ಏನು ಮಾಡಿದಿರಿ?' ಎಂದು ಬರೆದರೆ, 'ನಮ್ಮ ಗುಣಮಟ್ಟದಲ್ಲಿ ರಾಜಿ ಇಲ್ಲ, ಕಾಲಕಾಲಕ್ಕೆ ನಿಯಮಗಳಿಗೆ ಹೊಂದಿಸುತ್ತೇವೆ' ಎಂದು ಬರುತ್ತದೆ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಇದರ ಬದಲು ಹಳೆಯ ಮತ್ತು ಹೊಸ ಪೆಟ್ಟಿಗೆಯ ಪದಾರ್ಥ ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ತಾಳೆ ನೋಡಿ. ಲಿಲಿಯಲ್ ಎಂಬ ಘಮದ ರಾಸಾಯನಿಕ ಯುರೋಪಿನಲ್ಲಿ 2022ರ ಮಾರ್ಚ್ 1ರಿಂದ ನಿಷಿದ್ಧ. ಪೆಟ್ಟಿಗೆಯ ಮೇಲೆ ಅದರ ಹೆಸರು ಬ್ಯುಟೈಲ್‌ಫಿನೈಲ್ ಮೀಥೈಲ್‌ಪ್ರೊಪಿಯೊನಲ್. ಹಳೆಯ ಪೆಟ್ಟಿಗೆಯಲ್ಲಿ ಅದು ಇದ್ದು ಹೊಸದರಲ್ಲಿ ಇಲ್ಲವಾದರೆ ಸೂತ್ರ ಮುಟ್ಟಿದ್ದಾರೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಬ್ರ್ಯಾಂಡನ್ನು ಕೇಳಲು ಉಳಿಯುವುದು 'ಯಾವ ಬ್ಯಾಚ್‌ನಿಂದ' ಎಂಬ ಚಿಕ್ಕ ಪ್ರಶ್ನೆ, ಅದಕ್ಕೆ ಉತ್ತರ ಬರುವ ಸಾಧ್ಯತೆ ಇದೆ.

ಇದನ್ನು ತಿರುಗಿಸಿ ಓದಬೇಡಿ. ಹೊಸ ಪೆಟ್ಟಿಗೆಯ ಪಟ್ಟಿ ಉದ್ದವಾಗಿದೆ ಎಂದರೆ ಸೂತ್ರ ಬದಲಾಗಿದೆ ಎಂದೇ ಆಗಬೇಕಿಲ್ಲ. ಯುರೋಪಿನಲ್ಲಿ ಮೊದಲು 26 ಅಲರ್ಜಿಕಾರಕಗಳ ಹೆಸರು ಹಾಕಿದರೆ ಸಾಕಿತ್ತು. 2023ರ ನಿಯಮದಿಂದ ಆ ಸಂಖ್ಯೆ 80 ದಾಟಿದೆ. ಹೊಸದಾಗಿ ಮಾರುಕಟ್ಟೆಗೆ ಬರುವ ಸರಕಿಗೆ 2026ರ ಜುಲೈ 31, ಆಗಲೇ ಮಾರಾಟದಲ್ಲಿರುವುದಕ್ಕೆ 2028ರ ಜುಲೈ 31 ಗಡುವು. ಒಳಗಿನ ದ್ರವ ಒಂದು ಹನಿಯೂ ಬದಲಾಗದೆ ಪೆಟ್ಟಿಗೆಯ ಮೇಲಿನ ಪಟ್ಟಿ ಎರಡು ಸಾಲು ಬೆಳೆಯುವ ಕಾಲ ಇದು.

ಪರ್ಫ್ಯೂಮರ್‌ಗೆ ನೇರವಾಗಿ ಬರೆಯುವುದಾದರೆ

ಪರ್ಫ್ಯೂಮರ್ ಹೆಸರು ಮುಂದೆ ಬರತೊಡಗಿದ್ದೇ ಈಚೆಗೆ. ಫ್ರೆಡೆರಿಕ್ ಮಾಲ್ 2000ದಲ್ಲಿ ತನ್ನ ಸಂಗ್ರಹದ ಬಾಟಲಿಗಳ ಮೇಲೆ ಪರ್ಫ್ಯೂಮರ್‌ಗಳ ಹೆಸರು ಹಾಕಿದ್ದು ಆಗ ಸುದ್ದಿಯಾಗುವಂಥ ಸಂಗತಿ. ಅದಕ್ಕೂ ಮೊದಲಿನವುಗಳಲ್ಲಿ ಎಷ್ಟೋ ಹೆಸರುಗಳು ಕಂಪನಿಯ ಕಡತದಲ್ಲೇ ಉಳಿದವು. ಆದ್ದರಿಂದ ಹಳೆಯದರ ಬಗ್ಗೆ ಕೆಲವೊಮ್ಮೆ ಪರ್ಫ್ಯೂಮರನ್ನು ಬಿಟ್ಟರೆ ಬೇರೆ ದಾರಿ ಇರುವುದಿಲ್ಲ.

ಸ್ವತಂತ್ರವಾಗಿ ಕೆಲಸ ಮಾಡುವವರು ತಮ್ಮ ವೆಬ್‌ಸೈಟಿನಲ್ಲೇ ವಿಳಾಸ ಕೊಟ್ಟಿರುತ್ತಾರೆ, ಮನಸ್ಸು ಬಿಚ್ಚಿ ಬರೆಯುತ್ತಾರೆ ಕೂಡ. ದೊಡ್ಡ ಕಂಪನಿಯಲ್ಲಿರುವವರನ್ನು ಅವರ ಕಂಪನಿಯ ಸಂಪರ್ಕ ವಿಭಾಗದ ಮೂಲಕ ಕೇಳುವುದು ಮರ್ಯಾದೆ. ಲಿಂಕ್ಡ್‌ಇನ್‌ನಲ್ಲಿ ಒಂದು ಚಿಕ್ಕ ಸಂದೇಶ ಹಾಕಬಹುದು. ಯಾರದೋ ಕೈಯಿಂದ ಮೊಬೈಲ್ ನಂಬರ್ ಪಡೆದು ವಾಟ್ಸಾಪ್ ಮಾಡುವವರನ್ನು ಕಂಡಿದ್ದೇನೆ. ದಯವಿಟ್ಟು ಬೇಡ. ಹೆಸರನ್ನು ಪೂರ್ತಿ ಬರೆಯಿರಿ, 'ಮೇಡಂ', 'ಸರ್' ಊಹಿಸಲು ಹೋಗಬೇಡಿ. ಡೊಮಿನಿಕ್ ರೊಪಿಯೋಂ ಗಂಡಸು, ಕ್ಯಾಲಿಸ್ ಬೆಕರ್ ಹೆಂಗಸು. ಹೆಸರು ನೋಡಿ ತಿಳಿಯುವುದಿಲ್ಲ.

ಅವರ ಕೈ ಒಪ್ಪಂದದಲ್ಲಿ ಕಟ್ಟಿರುತ್ತದೆ ಎಂಬುದನ್ನು ಮರೆಯಬಾರದು. ಸೂತ್ರಕ್ಕೆ ಸಾಮಾನ್ಯವಾಗಿ ಪೇಟೆಂಟ್ ಇರುವುದಿಲ್ಲ, ಗುಟ್ಟಾಗಿಡುವುದೇ ಅದರ ರಕ್ಷಣೆ. ಯಾವ ಪದಾರ್ಥ ಎಷ್ಟು ಶೇಕಡಾ ಎಂದು ಕೇಳಿದಿರೋ ಸಂಭಾಷಣೆ ಅಲ್ಲಿಗೆ ಮುಗಿಯಿತು. 'ಈ ಪರ್ಫ್ಯೂಮಿಗೆ ನಿಮ್ಮ ಹೆಸರು ಹಾಕುವುದು ಸರಿಯೇ, ಜೊತೆಗೆ ಬೇರೆಯವರೂ ಇದ್ದರೇ' ಎಂಬಷ್ಟಕ್ಕೆ ನಿಲ್ಲಿಸಿ. ಈ ಎರಡನೆಯ ಭಾಗ ಮುಖ್ಯ. 1994ರ ಸಿಕೆ ಒನ್‌ಗೆ ಆಲ್ಬರ್ಟೊ ಮೊರಿಯಾಸ್ ಮತ್ತು ಹ್ಯಾರಿ ಫ್ರೆಮಾಂಟ್ ಇಬ್ಬರು. 2012ರ ಲಾ ವಿ ಎ ಬೆಲ್‌ಗೆ ಒಲಿವಿಯೇ ಪೋಲ್ಜ್, ಡೊಮಿನಿಕ್ ರೊಪಿಯೋಂ, ಆನ್ ಫ್ಲಿಪೊ ಮೂವರು. ಒಂದೇ ಹೆಸರು ನಮೂದಾಗಿರುವ ಕಡೆ ಉಳಿದವರು ಬಿಟ್ಟುಹೋಗಿರಬಹುದು.

ಸಣ್ಣ ಬ್ರ್ಯಾಂಡ್‌ಗಳ ಜೊತೆ ಇನ್ನೂ ಹುಷಾರಾಗಿರಬೇಕು. ಮಾಲೀಕರೇ 'ಸೃಷ್ಟಿಕರ್ತರು' ಎಂದು ವೆಬ್‌ಸೈಟಿನಲ್ಲಿ ಇರುತ್ತದೆ. ಕಲ್ಪನೆ ಅವರದಿರಬಹುದು, ತಕ್ಕಡಿಯಲ್ಲಿ ತೂಗಿ ಸೂತ್ರ ಬರೆದವರು ಬೇರೆ ಇರಬಹುದು. ಅಂಥ ಒಂದು ಬ್ರ್ಯಾಂಡಿಗೆ 'ಸೂತ್ರ ಬರೆದವರು ಯಾರು' ಎಂದು ನಾನು ನೇರವಾಗಿ ಕೇಳಿದ್ದಕ್ಕೆ ಬಂದ ಉತ್ತರ: 'ನಮ್ಮ ಸ್ಥಾಪಕರ ದೃಷ್ಟಿಯಲ್ಲಿ, ನುರಿತ ತಂಡದೊಂದಿಗೆ ರೂಪುಗೊಂಡಿದೆ.' ಹೌದೂ ಇಲ್ಲ, ಅಲ್ಲವೂ ಇಲ್ಲ. ಪರ್ಫ್ಯೂಮರ್ ಕಾಲಮ್ಮಿನಲ್ಲಿ ನಾನು ಸ್ಥಾಪಕರ ಹೆಸರು ಹಾಕಲಿಲ್ಲ.

ಪರ್ಫ್ಯೂಮರ್‌ಗಳು ಕೆಲವೊಮ್ಮೆ 'ನಿಮ್ಮಲ್ಲೇ ಇರಲಿ' ಎಂದು ಹೇಳುತ್ತಾರೆ. ಇಟ್ಟುಕೊಳ್ಳಿ. ಪ್ರಕಟಿಸಿದರೆ ಅವರ ಕೆಲಸಕ್ಕೆ ಕುತ್ತು, ಮುಂದಿನ ಸಲ ಯಾರು ಕೇಳಿದರೂ ಅವರು ಬಾಯಿ ಬಿಡುವುದಿಲ್ಲ.

ಕೇಳಲು ಯಾರೂ ಉಳಿದಿಲ್ಲದಾಗ

ಮುಚ್ಚಿಹೋದ ಬ್ರ್ಯಾಂಡಾದರೆ ವರ್ಸೇಲ್ಸ್‌ನ ಓಸ್ಮೊತೆಕ್‌ಗೆ ಬರೆಯಿರಿ. 1990ರಲ್ಲಿ ಶುರುವಾದ ಪರ್ಫ್ಯೂಮ್ ಸಂಗ್ರಹಾಲಯ ಅದು, ಮಾರುಕಟ್ಟೆಯಿಂದ ಮರೆಯಾದ ಪರ್ಫ್ಯೂಮ್‌ಗಳನ್ನೂ ಕಾಪಾಡಿಕೊಂಡಿದೆ. ಹಳೆಯ ಫ್ರೆಂಚ್ ಪತ್ರಿಕೆಗಳ ಜಾಹೀರಾತು ಬೇಕಿದ್ದರೆ ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯದ ಗಾಲಿಕಾ ಎಂಬ ಡಿಜಿಟಲ್ ಸಂಗ್ರಹದಲ್ಲಿ ಹುಡುಕಿ, ಉಚಿತ. ಟ್ರೇಡ್‌ಮಾರ್ಕ್ ನೋಂದಣಿಯನ್ನು ವೈಪೊ (ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆ) ದತ್ತಸಂಚಯದಲ್ಲಿ ನೋಡಬಹುದು. ಆದರೆ ಹೆಸರನ್ನು ಮೊದಲೇ ಕಾದಿರಿಸಿ ಎಷ್ಟೋ ವರ್ಷದ ಮೇಲೆ ಬಳಸುವುದುಂಟು. ನೋಂದಣಿಯ ವರ್ಷವನ್ನೇ ಬಿಡುಗಡೆಯ ವರ್ಷ ಎಂದು ಬರೆಯಬೇಡಿ. ಹೆಸರು ಮತ್ತೆ ಹುಟ್ಟಿ ಬಂದಾಗಲೂ ಎಚ್ಚರ ಬೇಕು: ಊಬಿಗಾಂ ಮನೆತನಕ್ಕೆ ಪೋಲ್ ಪಾರ್ಕೆ 1882ರಲ್ಲಿ ಮಾಡಿದ ಫೂಜೆರ್ ರೊಯಾಲ್ ಬೇರೆ, ಅದೇ ಹೆಸರಿನಲ್ಲಿ 2010ರಲ್ಲಿ ಬಂದದ್ದು ಬೇರೆ. ಪಟ್ಟಿಯಲ್ಲಿ ಎರಡು ಸಾಲು ಬೇಕು.

'ನನ್ನ ಬಾಟಲಿ ಅಸಲಿಯೇ' ಎಂಬ ಪ್ರಶ್ನೆಗೆ ಹೆಚ್ಚಿನ ಬ್ರ್ಯಾಂಡ್‌ಗಳು ಫೋಟೋ ನೋಡಿ ಉತ್ತರ ಹೇಳುವುದಿಲ್ಲ. ಬ್ಯಾಚ್ ಕೋಡ್ ಕಳಿಸಿದರೆ ಕೆಲವರು ತಯಾರಾದ ತಿಂಗಳು ತಿಳಿಸುತ್ತಾರೆ. ಅದು ಸರಿ ಬಂತೆಂದು ನಿಶ್ಚಿಂತೆಯಾಗಬೇಡಿ, ನಕಲಿ ಮಾಡುವವರು ಅಸಲಿ ಪೆಟ್ಟಿಗೆಯ ಕೋಡನ್ನೇ ಎತ್ತಿ ಅಚ್ಚು ಹಾಕುತ್ತಾರೆ.

ಉತ್ತರ ಬಂದ ಮೇಲೆ ಮತ್ತು ಬಾರದಿದ್ದರೆ

ಬಂದ ಇಮೇಲನ್ನು ಪಿಡಿಎಫ್ ಮಾಡಿ ಇಡಿ. ಪಟ್ಟಿಯಲ್ಲಿ ದಿನಾಂಕ ಮತ್ತು ವಿಭಾಗದ ಹೆಸರು ಬರೆಯಿರಿ, ಉತ್ತರಿಸಿದ ಉದ್ಯೋಗಿಯ ಹೆಸರು ಬೇಡ. ಬ್ರ್ಯಾಂಡ್ ಒಂದು ಹೇಳಿ ಪರ್ಫ್ಯೂಮರ್ ಇನ್ನೊಂದು ಹೇಳಿದರೆ ನಾನು ಎರಡನ್ನೂ ಬರೆಯುತ್ತೇನೆ. ಯಾರು ಮಾಡಿದ್ದು ಎಂಬುದರಲ್ಲಿ ಪರ್ಫ್ಯೂಮರ್ ಮಾತಿಗೆ, ಯಾವಾಗ ಮಾರಾಟಕ್ಕೆ ಬಂತು ಎಂಬುದರಲ್ಲಿ ಬ್ರ್ಯಾಂಡ್ ಮಾತಿಗೆ ತೂಕ ಹೆಚ್ಚು. ಬ್ರ್ಯಾಂಡ್ ಕೊಟ್ಟ ಉತ್ತರದ ವಾಕ್ಯಗಳು ಯಾವುದೋ ಮಾಹಿತಿ ತಾಣದಲ್ಲಿ ಹಾಗ್ಹಾಗೇ ಸಿಕ್ಕರೆ, ಉತ್ತರಿಸಿದವರೂ ಅಲ್ಲಿಂದಲೇ ಎತ್ತಿರಬಹುದು. ಆಗ 'ಇದು ನಿಮ್ಮ ದಾಖಲೆಯಲ್ಲೇ ಇರುವುದೇ' ಎಂದು ಮರುಪ್ರಶ್ನೆ ಹಾಕಲು ಸಂಕೋಚ ಬೇಡ.

ಎರಡು ವಾರವಾದರೂ ಉತ್ತರ ಇಲ್ಲವಾದರೆ ಅದೇ ಇಮೇಲಿನ ಕೆಳಗೆ ಒಂದು ಸಾಲಿನ ನೆನಪು. ಆಮೇಲೂ ಸುದ್ದಿ ಇಲ್ಲವಾದರೆ ಇನ್ನೊಂದು ಬಾಗಿಲು: ಕಸ್ಟಮರ್ ಕೇರ್ ಆಗಿದ್ದರೆ ಪತ್ರಿಕಾ ವಿಭಾಗ, ಅದೂ ಆಗಿದ್ದರೆ ಪೆಟ್ಟಿಗೆಯ ತಳದಲ್ಲಿರುವ ವಿಳಾಸಕ್ಕೆ ಕಾಗದದಲ್ಲಿ ಬರೆದ ಪತ್ರ. ಕಾಗದದ ಪತ್ರವನ್ನು ಯಾರಾದರೂ ಒಡೆದು ಓದಲೇಬೇಕು, ಇಮೇಲಿನ ಹಾಗೆ ಕಸದ ಫೋಲ್ಡರಿಗೆ ತಾನಾಗಿ ಹೋಗುವುದಿಲ್ಲ. ಅಷ್ಟಕ್ಕೂ ಜಗ್ಗದಿದ್ದರೆ ಆ ಚೌಕವನ್ನು ಖಾಲಿ ಬಿಟ್ಟು, ಪಕ್ಕದಲ್ಲಿ 'ಕೇಳಿದೆ, ಉತ್ತರ ಇಲ್ಲ' ಎಂದು ತಿಂಗಳು ಸಮೇತ ಬರೆದಿಡಿ. ಲೈಸೆನ್ಸ್ ಬೇರೆ ಕಂಪನಿಗೆ ಹೋದ ಸುದ್ದಿ ಬಂದ ದಿನ ಅದೇ ಪತ್ರವನ್ನು ಹೊಸಬರಿಗೆ ಕಳಿಸಿ.